ಕೋತಿಯನ್ನು ಗಲ್ಲಿಗೇರಿಸಿದವರು, ಚಂದ್ರನನ್ನು ಆರಿಸಿದವರು

2026ರ ಜನವರಿ 1ರಿಂದ ಪೋಲೆಂಡಿನಲ್ಲಿ ಹೊಸ ಕಾಗುಣಿತ ನಿಯಮಗಳು ಜಾರಿಗೆ ಬಂದವು. ಅದರಲ್ಲೊಂದು ನಿಯಮ ಊರವರ ಹೆಸರಿಗೆ ಸಂಬಂಧಿಸಿದ್ದು. ನಾವು ವಾರ್ಸಾ ಎನ್ನುವ ರಾಜಧಾನಿಯನ್ನು ಪೋಲಿಷರು ವರ್ಷಾವಾ ಎನ್ನುತ್ತಾರೆ. ಅಲ್ಲಿನವನು ವರ್ಷಾವ್ಯಾನಿನ್, ಅಲ್ಲಿನವಳು ವರ್ಷಾವ್ಯಾಂಕಾ. ಅಲ್ಲಿಯವರೆಗಿನ ನಿಯಮದ ಪ್ರಕಾರ 'ಪೋಲೆಂಡಿನವನು' ಎಂದು ಬರೆದರೆ ಮೊದಲಕ್ಷರ ದೊಡ್ಡದು, 'ವಾರ್ಸಾದವನು' ಎಂದು ಬರೆದರೆ ಚಿಕ್ಕದು. ದೇಶಕ್ಕೊಂದು ಮರ್ಯಾದೆ, ಊರಿಗೊಂದು ಮರ್ಯಾದೆ. ಪೋಲಿಷ್ ಭಾಷಾ ಮಂಡಳಿ 2024ರಲ್ಲೇ ಇದನ್ನು ಬದಲಿಸುವುದಾಗಿ ಪ್ರಕಟಿಸಿತ್ತು: ನಗರ, ಬಡಾವಣೆ, ಹಳ್ಳಿ ಯಾವುದೇ ಇರಲಿ, ಅಲ್ಲಿನವರ ಹೆಸರು ಇನ್ನು ದೊಡ್ಡ ಅಕ್ಷರದಿಂದಲೇ ಶುರುವಾಗಬೇಕು.

ಕನ್ನಡ ಲಿಪಿಯಲ್ಲಿ ಅಕ್ಷರಗಳಿಗೆ ದೊಡ್ಡದು ಚಿಕ್ಕದೆಂಬ ಭೇದವೇ ಇಲ್ಲದ್ದರಿಂದ ಇದರ ಬಿಸಿ ನಮಗೆ ತಟ್ಟುವುದಿಲ್ಲ. ಯುರೋಪಿನಲ್ಲಿ ಮಾತ್ರ ಒಂದೊಂದು ಭಾಷೆಯದು ಒಂದೊಂದು ಹಟ. ಪ್ಯಾರಿಸ್ಸಿನ ಮನುಷ್ಯನಿಗೆ ಫ್ರೆಂಚರು ದೊಡ್ಡ ಅಕ್ಷರ ಕೊಡುತ್ತಾರೆ, ಪ್ಯಾರಿಸ್ಸಿನ ಟೋಪಿಗೆ ಕೊಡುವುದಿಲ್ಲ. ಸ್ಪ್ಯಾನಿಷ್, ಇಟಾಲಿಯನ್, ರಷ್ಯನ್ ಭಾಷೆಗಳಲ್ಲಿ ಮನುಷ್ಯನಿಗೂ ಚಿಕ್ಕದೇ. ಜರ್ಮನ್ನರು ಮೇಜು ಕುರ್ಚಿಗಳಿಗೂ ದೊಡ್ಡ ಅಕ್ಷರ ಹಾಕುವವರು, ಅವರ ಮಾತು ಬಿಡಿ.

ಇಷ್ಟಕ್ಕೂ ಊರವರನ್ನು ಕರೆಯುವುದಕ್ಕೆ ನಿಯಮ ಯಾಕೆ, ನಿಘಂಟು ಯಾಕೆ ಎಂದು ನಮಗೆ ಅನ್ನಿಸಬಹುದು. ನಮ್ಮಲ್ಲಿ 'ಬೆಂಗಳೂರಿಗ', 'ಮೈಸೂರಿಗ' ಎಂಬಂಥ ಪದಗಳು ಇಲ್ಲವೆಂದಲ್ಲ. ಆದರೆ ದಿನದ ಮಾತಿಗೆ ಅವು ಬೇಕಿಲ್ಲ; ಯಾವ ಊರಿನ ಹೆಸರಿಗಾದರೂ 'ದವರು' ಅಂತಲೋ 'ನವರು' ಅಂತಲೋ ಸೇರಿಸಿದರೆ ಕೆಲಸ ಮುಗಿಯಿತು. ಬೈಬಲಿನ ಹೊಸ ಒಡಂಬಡಿಕೆಯನ್ನೇ ನೋಡಿ. ಪೌಲನ ಹೆಸರಿನಲ್ಲಿರುವ ಹಲವು ಪತ್ರಗಳಿಗೆ ಶೀರ್ಷಿಕೆಯಾಗಿರುವುದು ಊರವರ ಹೆಸರೇ. ಇಂಗ್ಲಿಷಿನಲ್ಲಿ ಅವು ರೋಮನ್ಸ್, ಕೊರಿಂಥಿಯನ್ಸ್, ಎಫೀಸಿಯನ್ಸ್, ಥೆಸಲೋನಿಯನ್ಸ್. ಕನ್ನಡ ಬೈಬಲಿನಲ್ಲಿ ರೋಮಾಪುರದವರಿಗೆ, ಕೊರಿಂಥದವರಿಗೆ, ಎಫೆಸದವರಿಗೆ, ಥೆಸಲೊನೀಕದವರಿಗೆ. ಎಲ್ಲ ಊರಿಗೂ ಒಂದೇ ಬಾಲ, ಯಾರಿಗೂ ತಕರಾರಿಲ್ಲ. ಫ್ರೆಂಚ್, ಸ್ಪ್ಯಾನಿಷ್ ಮಾತಾಡುವವರಿಗೆ ಈ ಸುಖವಿಲ್ಲ. ಅಲ್ಲಿ ಯಾವ ಊರಿಗೆ ಯಾವ ಬಾಲ ಎಂಬುದನ್ನು ಒಂದೊಂದಾಗಿ ಕಲಿಯಬೇಕು, ಅದಕ್ಕೆಂದೇ ನಿಘಂಟುಗಳಿವೆ.

ನಮಗೆ ತುಸು ಹತ್ತಿರವಿರುವುದು ಜರ್ಮನ್. ಊರಿನ ಹೆಸರಿಗೆ 'ಅರ್' ಸೇರಿಸಿದರೆ ಬಹುಪಾಲು ಸರಿಹೋಗುತ್ತದೆ: ಬರ್ಲಿನರ್, ಹ್ಯಾಂಬರ್ಗರ್, ಫ್ರಾಂಕ್‌ಫರ್ಟರ್, ವೀನರ್. ವೀನರ್ ಎಂದರೆ ವಿಯೆನ್ನಾದವನು, ಜರ್ಮನ್ನಿನಲ್ಲಿ ಆ ಊರು ವೀನ್. ಈ ನಾಲ್ಕೂ ತಿಂಡಿಗಳ ಹೆಸರಾಗಿ ಲೋಕವೆಲ್ಲ ಸುತ್ತಿವೆ, ಆದ್ದರಿಂದಲೇ ಒಂದು ದಂತಕತೆಯೂ ಹುಟ್ಟಿತು. 1963ರ ಜೂನ್ 26ರಂದು ಅಮೆರಿಕದ ಅಧ್ಯಕ್ಷ ಕೆನಡಿ ಪಶ್ಚಿಮ ಬರ್ಲಿನ್ನಿನಲ್ಲಿ ನಿಂತು 'ಇಷ್ ಬಿನ್ ಐನ್ ಬರ್ಲಿನರ್', ನಾನೂ ಬರ್ಲಿನ್ನಿನವನು, ಎಂದರು. 'ಐನ್' ಎಂಬ ಪದವನ್ನು ಸೇರಿಸಿ ಅವರು ವ್ಯಾಕರಣ ತಪ್ಪಿದರು, ಅದರ ಅರ್ಥ 'ನಾನೊಂದು ಜಾಮ್ ತುಂಬಿದ ಬನ್ನು' ಎಂದಾಯಿತು, ಜನ ಬಿದ್ದು ಬಿದ್ದು ನಕ್ಕರು ಎಂದು ಈಗಲೂ ಹೇಳುವವರಿದ್ದಾರೆ. ಇದು ಶುದ್ಧ ಸುಳ್ಳು. ಆ ಊರಿನವನಲ್ಲದವನು ಭಾವನೆಯಿಂದ 'ನಾನೂ ನಿಮ್ಮವನೇ' ಎನ್ನುವಾಗ ಆ 'ಐನ್' ಇರಲೇಬೇಕು. ಜರ್ಮನಿಯ ಬೇರೆ ಕಡೆ ಬರ್ಲಿನರ್ ಎನ್ನುವ ಆ ತಿಂಡಿಗೆ ಬರ್ಲಿನ್ನಿನಲ್ಲೇ ಆ ಹೆಸರಿಲ್ಲ, ಅಲ್ಲಿ ಅದು ಫಾನ್‌ಕೂಖನ್. ಕೆನಡಿ ಅದೇ ಭಾಷಣದಲ್ಲಿ, ಎರಡು ಸಾವಿರ ವರ್ಷಗಳ ಹಿಂದೆ 'ನಾನು ರೋಮಿನ ಪ್ರಜೆ' ಎನ್ನುವುದೇ ದೊಡ್ಡ ಹೆಮ್ಮೆಯಾಗಿತ್ತು ಎಂದು ಲ್ಯಾಟಿನ್ನಿನಲ್ಲೂ ಹೇಳಿದ್ದರು. ಬನ್ನಿನ ಗದ್ದಲದಲ್ಲಿ ಆ ಮಾತು ಮರೆತೇಹೋಗಿದೆ.

ಜರ್ಮನ್ನಿನಲ್ಲೂ ನಿಯಮ ತಪ್ಪಿದ ಊರುಗಳಿವೆ. ಅವುಗಳಲ್ಲಿ ನನಗೆ ತುಂಬ ಇಷ್ಟವಾದದ್ದು ಹಾಲೆ, ಸಂಗೀತಗಾರ ಹ್ಯಾಂಡೆಲ್ 1685ರಲ್ಲಿ ಹುಟ್ಟಿದ ಊರು. ಹಾಲೆ ಬೆಳೆದದ್ದು ಉಪ್ಪಿನಿಂದ. ಉಪ್ಪುನೀರಿನ ಬುಗ್ಗೆಗಳಿಂದ ನೀರು ತಂದು ಕಾಯಿಸಿ ಉಪ್ಪು ತೆಗೆಯುವ ಕಸುಬಿನವರು ಅಲ್ಲಿ ಒಂದು ಸಂಘ ಕಟ್ಟಿಕೊಂಡು, ತಮ್ಮದೇ ಉಡುಪು, ತಮ್ಮದೇ ಕಟ್ಟಳೆಗಳೊಡನೆ ಬದುಕಿದರು. ಅವರನ್ನು ಹಾಲೋರನ್ ಎನ್ನುತ್ತಾರೆ. ಊರಿನಲ್ಲಿ ಹುಟ್ಟಿದ ಉಳಿದವರು ಹಾಲೆನ್ಸರ್. ಹಾಗಾದರೆ ಹೊರಗಿನಿಂದ ಬಂದು ನೆಲೆಸಿದವರು? ಅವರು ಹಾಲುಂಕನ್. ಜರ್ಮನ್ನಿನಲ್ಲಿ ಹಾಲುಂಕ ಎಂದರೆ ಪೋಕರಿ. ಊರಿನ ಹೆಸರಿಗೂ ಬೈಗುಳಕ್ಕೂ ಗಂಟು ಹಾಕಿ ಹಳೆಯ ಕಾಲದವರು ಮಾಡಿದ ಕುಹಕವಿದು. ಒಂದೇ ಊರಿನಲ್ಲಿ ಕಸುಬಿನವರಿಗೊಂದು, ಹುಟ್ಟಿದವರಿಗೊಂದು, ಬಂದವರಿಗೊಂದು ಹೆಸರು. ಬಂದವರೂ ಈಗ ಅದನ್ನು ನಗುತ್ತಲೇ ಹೇಳಿಕೊಳ್ಳುತ್ತಾರೆ. 'ಹಾಲೆನ್ಸರ್' ಪದದಲ್ಲಿರುವ 'ಎನ್ಸ್' ಲ್ಯಾಟಿನ್ ಪ್ರತ್ಯಯ, ವಿಶ್ವವಿದ್ಯಾಲಯದವರ ಬಾಯಿಂದ ಬೀದಿಗೆ ಇಳಿದದ್ದು. ಪಂಡಿತರ ಈ ಚಾಳಿಯ ಪೂರ್ತಿ ವೈಭವ ನೋಡಬೇಕಾದರೆ ಫ್ರಾನ್ಸಿಗೆ ಹೋಗಬೇಕು.

ಫ್ರಾನ್ಸಿನ ಸೇಂತ್ ಎತ್ಯೆನ್ ಊರಿನ ಫುಟ್‌ಬಾಲ್ ತಂಡವನ್ನು ಅಲ್ಲಿನ ಪತ್ರಿಕೆಗಳು ಸ್ಟೆಫನ್ವಾ ಎನ್ನುತ್ತವೆ. ಊರಿನ ಹೆಸರಿಗೂ ಊರವರ ಹೆಸರಿಗೂ ಮೇಲ್ನೋಟಕ್ಕೆ ತಾಳಮೇಳವೇ ಇಲ್ಲ. ಒಳಗೆ ನೋಡಿದರೆ ಎರಡೂ ಒಬ್ಬನದೇ ಹೆಸರು. ಸ್ಟೆಫಾನಸ್ ಎಂಬ ಸಂತನ ಹೆಸರು ಸಾವಿರ ವರ್ಷ ಜನರ ಬಾಯಲ್ಲಿ ಸವೆದು ಎತ್ಯೆನ್ ಆಯಿತು; ಊರವರಿಗೆ ಹೆಸರಿಡುವಾಗ ಓದಿದವರು ಸವೆದದ್ದನ್ನು ಬಿಟ್ಟು ಮೂಲವನ್ನೇ ಎತ್ತಿಕೊಂಡರು. ಸಂತ ಕ್ಲೊಡೊಆಲ್ಡನ ಹೆಸರಿನ ಸೇಂ ಕ್ಲೂ ಎಂಬ ಪುಟ್ಟ ಹೆಸರಿನ ಊರಿನವರು ಹೀಗೆಯೇ ಕ್ಲೊಡೊಆಲ್ಡಿಯೆಂ ಆದರು. ಕವಿ ರ‍್ಯಾಂಬೊ ಹುಟ್ಟಿದ ಶಾರ್ಲ್‌ವಿಲ್, ಪಕ್ಕದ ಮೆಜಿಯೇರ್ ಜೊತೆ 1966ರಲ್ಲಿ ಒಂದಾದಾಗ ಜೋಡಿ ಊರಿನವರಿಗೆ ಕಾರೊಲೊಮಸೇರಿಯೆಂ ಎಂಬ ಹೆಸರು ಬಂತು. ಶಾತೊ ತಿಯೆರಿಯವರದು ಎಲ್ಲಕ್ಕಿಂತ ಉದ್ದ: ಕಾಸ್ಟೆಲ್‌ತೆಯೊಡೊರಿಸಿಯೆಂ. ಪ್ರಾಣಿಗಳ ನೀತಿಕಥೆ ಬರೆದ ಲಾ ಫಾಂತೇನ್ 1621ರಲ್ಲಿ ಹುಟ್ಟಿದ್ದು ಅಲ್ಲಿ. 1678ರ ತನ್ನ ಎರಡನೇ ಸಂಕಲನದಲ್ಲಿ ಆತ 'ಪಿಲ್ಪೇ' ಎಂಬ ಭಾರತದ ಜ್ಞಾನಿಗೆ ತಾನು ಋಣಿ ಎಂದು ಬರೆದ. ನಮ್ಮ ಪಂಚತಂತ್ರದ ಕಥೆಗಳು ಪರ್ಷಿಯ, ಅರೇಬಿಯಗಳನ್ನು ಸುತ್ತಿ ಯುರೋಪಿಗೆ ಹೋದಾಗ ಅವುಗಳ ಕರ್ತೃವಿಗೆ ಅಂಟಿಕೊಂಡಿದ್ದ ಹೆಸರು ಅದು. ಶಾತೊ ತಿಯೆರಿಯವರು ಮೊದಲ ಬಾರಿ ಪರಿಚಯ ಹೇಳಿಕೊಳ್ಳುವಾಗ ತಮ್ಮ ಆ ಉದ್ದದ ಹೆಸರನ್ನು ಎಷ್ಟು ಸಲ ಬಳಸುತ್ತಾರೋ ನನಗೆ ಅನುಮಾನ. ಸೊಮ್ ಪ್ರಾಂತದಲ್ಲಿ ಒಂದೇ ಅಕ್ಷರದ ಹೆಸರಿನ ಹಳ್ಳಿಯೊಂದಿದೆ, ಇಂಗ್ಲಿಷಿನ 'ವೈ' ಅಕ್ಷರವೇ ಅದರ ಹೆಸರು. ನೂರು ಜನವೂ ಇಲ್ಲದ ಆ ಹಳ್ಳಿಯವರಿಗೂ ಪಂಡಿತರು ಆ ಅಕ್ಷರದ ಗ್ರೀಕ್ ಹೆಸರನ್ನು ಹುಡುಕಿ ಬಾಲ ಕಟ್ಟಿಕೊಟ್ಟಿದ್ದಾರೆ.

ಹೀಗೆ ಲ್ಯಾಟಿನ್ ತುಂಬುವುದರಿಂದ ಏನಾದರೂ ಉಪಯೋಗವಿದೆಯೆ ಎಂಬ ಪ್ರಶ್ನೆಗೆ ಸ್ಪೇನಿನಲ್ಲಿ ಒಂದು ಉತ್ತರ ಪ್ರಸಿದ್ಧವಾಗಿದೆ. ಕೊರ್ದೊಬಾ ಪ್ರಾಂತದಲ್ಲಿ ಕಾಬ್ರಾ ಎಂಬ ಊರಿದೆ. ಸ್ಪ್ಯಾನಿಷಿನಲ್ಲಿ ಕಾಬ್ರಾ ಎಂದರೆ ಮೇಕೆ; ಅದಕ್ಕೆ ಎಂಥ ಬಾಲ ಸೇರಿಸಲು ಹೊರಟರೂ ಹೋತ ಎಂಬ ಅರ್ಥದ ಒಂದು ಕೊಳಕು ಬೈಗುಳ ನಾಲಿಗೆಯ ತುದಿಯಲ್ಲೇ ಕಾದಿರುತ್ತದೆ. ಊರವರು ಅದರಿಂದ ಪಾರಾದದ್ದು ಹಳೆಯ ಲ್ಯಾಟಿನ್ ಹೆಸರು ಹಿಡಿದುಕೊಂಡು: ಅವರು ಎಗಾಬ್ರೆನ್ಸೆಗಳು. ಫ್ರಾಂಕೊ ಕಾಲದ ಸಚಿವ ಹೊಸೆ ಸೊಲಿಸ್ ರುಯಿಸ್ ಇದೇ ಊರಿನವರು. ಶಾಲೆಗಳಲ್ಲಿ ಲ್ಯಾಟಿನ್ ಕಡಿಮೆ ಮಾಡಿ ಆಟ ಜಾಸ್ತಿ ಮಾಡಬೇಕು, ಲ್ಯಾಟಿನ್ನಿನಿಂದ ಇವತ್ತು ಏನು ಪ್ರಯೋಜನ ಎಂದು ಅವರು ವಾದಿಸಿದಾಗ ಒಬ್ಬ ಪ್ರೊಫೆಸರು ಎದ್ದು, 'ಸ್ವಾಮಿ, ನಿಮ್ಮ ಊರಿನವರನ್ನು ಎಗಾಬ್ರೆನ್ಸೆ ಎನ್ನುತ್ತಾರಲ್ಲ, ಬೇರೆ ಏನೋ ಅನ್ನುವುದಿಲ್ಲವಲ್ಲ, ಅದೇ ಪ್ರಯೋಜನ' ಎಂದರಂತೆ. ನಿಜವಾಗಿ ನಡೆಯಿತೋ, ಆಮೇಲೆ ಹೆಣೆದದ್ದೋ, ಸ್ಪೇನಿನಲ್ಲಿ ಲ್ಯಾಟಿನ್ ಮೇಷ್ಟ್ರುಗಳು ಈ ಕಥೆಯನ್ನು ಬಿಟ್ಟುಕೊಡುವುದಿಲ್ಲ.

ಸ್ಪೇನಿನ ಊರುಗಳಿಗೆ ಹೀಗೆ ಎರಡು ಪದರ ಬರಲು ಒಂದು ಕಾರಣ, ಶತಮಾನಗಳ ಕಾಲ ಅಲ್ಲಿ ನಡೆದ ಅರಬ್ ಆಳ್ವಿಕೆ. ಕಲತಾಯುದ್ ಎಂಬ ಊರಿನ ಹೆಸರು ಅರಬಿಯದು, 'ಅಯ್ಯೂಬನ ಕೋಟೆ'. ಊರವರು ಮಾತ್ರ ಬಿಲ್ಬಿಲಿತಾನೊ, ಏಕೆಂದರೆ ಪಕ್ಕದಲ್ಲೇ ಬಿಲ್ಬಿಲಿಸ್ ಎಂಬ ರೋಮನ್ ಊರಿತ್ತು, ಲ್ಯಾಟಿನ್ ಕವಿ ಮಾರ್ಷಲ್ ಹುಟ್ಟಿದ್ದು ಅಲ್ಲಿ. ಸೆರ್ವಾಂತೆಸ್ ಹುಟ್ಟಿದ ಅಲ್ಕಲಾ ದೆ ಎನಾರೆಸ್‌ನ ಕಥೆಯೂ ಇದೇ. ಹೆಸರು ಅರಬಿ, ಅಲ್ಲಿನವರಿಗೆ ಪುಸ್ತಕದ ಹೆಸರು ಕೊಂಪ್ಲುತೆನ್ಸೆ, ಬೀದಿಯ ಹೆಸರು ಅಲ್ಕಲಾಯಿನೊ. ಅಲ್ಲಿ 1499ರಲ್ಲಿ ಹುಟ್ಟಿದ ವಿಶ್ವವಿದ್ಯಾಲಯವನ್ನು 1836ರಲ್ಲಿ ಮ್ಯಾಡ್ರಿಡ್‌ಗೆ ಎತ್ತಿಕೊಂಡು ಹೋದರು. ಇವತ್ತು ಮ್ಯಾಡ್ರಿಡ್ಡಿನ ದೊಡ್ಡ ವಿಶ್ವವಿದ್ಯಾಲಯದ ಹೆಸರು ಕೊಂಪ್ಲುತೆನ್ಸೆ, ಅಂದರೆ ಇನ್ನೊಂದು ಊರಿನವರ ಹೆಸರು.

ಇಟಲಿಯಲ್ಲಿ ಒಂದನ್ನು ಮಾತ್ರ ಹೇಳಿ ಮುಂದೆ ಹೋಗುತ್ತೇನೆ. ಪಿಜ್ಜಾ ಅಂಗಡಿಗಳ ದಯೆಯಿಂದ ಪಾರ್ಮೆಜಾನ್ ಚೀಸ್ ನಮಗೂ ಗೊತ್ತು. ಅದರ ಪೂರ್ತಿ ಇಟಾಲಿಯನ್ ಹೆಸರು ಪಾರ್ಮಿಜಾನೊ ರೆಜಾನೊ: ಪಾರ್ಮಾದ್ದು, ರೆಜೊ ಎಮಿಲಿಯಾದ್ದು. ಊರವರನ್ನು ಕರೆಯುವ ಪದಗಳೇ ಚೀಸಿಗೂ ಹೆಸರಾಗಿವೆ. ದಕ್ಷಿಣದ ಕಲಾಬ್ರಿಯಾದಲ್ಲಿ ಇನ್ನೊಂದು ರೆಜೊ ಇದೆ. ಇಬ್ಬರನ್ನೂ ಗೊಂದಲ ಮಾಡಿಕೊಳ್ಳದಿರಲು ಉತ್ತರದವರನ್ನು ರೆಜಾನೊ, ದಕ್ಷಿಣದವರನ್ನು ರೆಜಿನೊ ಎನ್ನುತ್ತಾರೆ.

ಪಂಡಿತರ ಕೈಗೆ ಸಿಕ್ಕಿದ್ದೆಲ್ಲ ಶುದ್ಧವಾಗಿಯೇ ಇರುತ್ತದೆ ಎಂದುಕೊಳ್ಳಬೇಡಿ. ಮ್ಯಾಂಚೆಸ್ಟರಿನವರನ್ನು ಮ್ಯಾಂಕ್ಯೂನಿಯನ್ ಎನ್ನುವುದು ಮ್ಯಾಂಕ್ಯೂನಿಯಂ ಎಂಬ ರೋಮನ್ ಹೆಸರಿನಿಂದ. ಆದರೆ ಅಲ್ಲಿದ್ದ ರೋಮನ್ ಕೋಟೆಯ ಹೆಸರು ಮಮೂಸಿಯಂ. ಹಸ್ತಪ್ರತಿ ನಕಲು ಮಾಡುವವರ ಕೈಯಲ್ಲಿ ಅಕ್ಷರ ತಪ್ಪಿ ಮ್ಯಾಂಕ್ಯೂನಿಯಂ ಆಯಿತು. ಹಳೆಯ ಲಿಪಿಕಾರನ ತಪ್ಪು ಇಡೀ ನಗರದ ಗುರುತಾಗಿದೆ. ಲಿವರ್‌ಪೂಲಿನವರದು ಬೇಕೆಂದೇ ಮಾಡಿದ ಕೀಟಲೆ. ಇಂಗ್ಲಿಷಿನಲ್ಲಿ 'ಪೂಲ್' ಎಂದರೆ ಕೊಳ, 'ಪಡ್ಲ್' ಎಂದರೆ ಕೊಚ್ಚೆಗುಂಡಿ. ಪೂಲ್ ತೆಗೆದು ಪಡ್ಲ್ ಇಟ್ಟು ಲಿವರ್‌ಪಡ್ಲಿಯನ್ ಮಾಡಿದರು. ಅದೇ ಈಗ ಮರ್ಯಾದಸ್ತ ಪದ! ಬೀದಿಯಲ್ಲಿ ಅವರು ಸ್ಕೌಸರ್‌ಗಳು. ಹಡಗಿನ ನಾವಿಕರು ಮಾಂಸ, ಆಲೂಗಡ್ಡೆ, ಈರುಳ್ಳಿ ಹಾಕಿ ಬೇಯಿಸುತ್ತಿದ್ದ ಲಾಬ್‌ಸ್ಕೌಸ್ ಎಂಬ ಅಡುಗೆಯಿಂದ ಬಂದ ಹೆಸರು. ಬಂದರಿನ ಬಡವರು ಅದನ್ನೇ ತಿಂದು ಬದುಕಿದರು, ತಿಂದದ್ದಕ್ಕೇ ಹೆಸರು ಇಡಿಸಿಕೊಂಡರು. ಪೋರ್ಚುಗಲ್ಲಿನಲ್ಲಿ ಪೋರ್ಟೊದವರನ್ನು ಬೋಟಿ ತಿನ್ನುವವರು ಎನ್ನುವುದೂ ಇಂಥದ್ದೇ. 1415ರಲ್ಲಿ ಆಫ್ರಿಕಾದ ಸೆಯುತಾ ಮೇಲಿನ ದಂಡಯಾತ್ರೆಯ ಹಡಗುಗಳಿಗೆ ಊರಿನ ಮಾಂಸವನ್ನೆಲ್ಲ ಕೊಟ್ಟು ತಾವು ಕರುಳು ಬೋಟಿ ಉಳಿಸಿಕೊಂಡರು ಎಂಬ ಐತಿಹ್ಯವನ್ನು ಅವರು ಎದೆಯುಬ್ಬಿಸಿ ಹೇಳುತ್ತಾರೆ. ಲಿಸ್ಬನ್ನಿನವರಿಗೆ ಸಿಕ್ಕಿದ್ದು ಎಳೆಯ ಲೆಟ್ಯೂಸ್ ಸೊಪ್ಪಿನ ಹೆಸರು.

ಪಕ್ಕದ ಊರಿನವರು ಅಣಕಿಸಲು ಇಟ್ಟ ಹೆಸರುಗಳೇ ಈ ಎಲ್ಲದರಲ್ಲಿ ಹೆಚ್ಚು ಜೀವಂತವಾಗಿರುವುದು ಎಂದು ನನ್ನ ಎಣಿಕೆ. ಇಂಗ್ಲೆಂಡಿನ ಈಶಾನ್ಯ ಕರಾವಳಿಯ ಹಾರ್ಟ್ಲಿಪೂಲ್‌ನವರನ್ನು ಸುತ್ತಲಿನವರು ಕರೆಯುವುದು 'ಕೋತಿಯನ್ನು ಗಲ್ಲಿಗೇರಿಸಿದವರು' ಎಂದು. ನೆಪೋಲಿಯನ್ ಯುದ್ಧಗಳ ಕಾಲದಲ್ಲಿ ಒಂದು ಫ್ರೆಂಚ್ ಹಡಗು ಅಲ್ಲಿ ಒಡೆಯಿತಂತೆ. ದಡಕ್ಕೆ ಬದುಕಿ ಬಂದದ್ದು ಒಂದೇ ಒಂದು ಕೋತಿ, ಅದಕ್ಕೆ ಯಾರೋ ಸಮವಸ್ತ್ರ ತೊಡಿಸಿದ್ದರು. ಊರಿನ ಮೀನುಗಾರರು ಫ್ರೆಂಚರನ್ನು ಕಂಡವರಲ್ಲ. ಮರಳ ಮೇಲೇ ವಿಚಾರಣೆ ನಡೆಸಿದರು, ಆರೋಪಿ ಯಾವ ಪ್ರಶ್ನೆಗೂ ಸರಿಯಾದ ಉತ್ತರ ಕೊಡಲಿಲ್ಲ, ಗೂಢಚಾರನೆಂದು ತೀರ್ಪು ಕೊಟ್ಟು ನೇಣು ಹಾಕಿದರು. ಇದಕ್ಕೆ ದಾಖಲೆ ಏನೂ ಇಲ್ಲ. ಆದರೂ ಊರಿನ ಫುಟ್‌ಬಾಲ್ ತಂಡ ಕೋತಿಯನ್ನೇ ತನ್ನ ಲಾಂಛನವಾಗಿಸಿಕೊಂಡು ಪಂದ್ಯದ ದಿನ ಕೋತಿ ವೇಷದವನನ್ನು ಮೈದಾನಕ್ಕೆ ಬಿಟ್ಟಿತು. 2002ರಲ್ಲಿ ಆ ವೇಷ ಹಾಕುತ್ತಿದ್ದ ಸ್ಟುವರ್ಟ್ ಡ್ರಮಂಡ್ ಮೇಯರ್ ಚುನಾವಣೆಗೆ ನಿಂತರು, ಶಾಲಾ ಮಕ್ಕಳಿಗೆ ಉಚಿತ ಬಾಳೆಹಣ್ಣು ಕೊಡುತ್ತೇನೆ ಎಂದರು, ಗೆದ್ದೂಬಿಟ್ಟರು. ತಮಾಷೆಗೆ ಗೆದ್ದವರು ಆಮೇಲೆ ಗಂಭೀರವಾಗಿ ಆಡಳಿತ ನಡೆಸಿ 2005, 2009ರಲ್ಲೂ ಆರಿಸಿಬಂದರು.

ಬೆಲ್ಜಿಯಮ್ಮಿನ ಮೆಖೆಲನ್ ನಗರದವರು 'ಚಂದ್ರನನ್ನು ಆರಿಸಿದವರು', ಅವರ ಭಾಷೆಯಲ್ಲಿ ಮಾನೆಬ್ಲುಸ್ಸರ್. 1687ರ ಜನವರಿಯ ಒಂದು ರಾತ್ರಿ ಹೆಂಡದಂಗಡಿಯಿಂದ ಹೊರಬಿದ್ದವನೊಬ್ಬ ಮೇಲೆ ನೋಡಿದರೆ ಸಂತ ರುಂಬೋಲ್ಡನ ಚರ್ಚಿನ ಗೋಪುರ ಕೆಂಪಗೆ ಉರಿಯುತ್ತಿದೆ. ಬೆಂಕಿ, ಬೆಂಕಿ ಎಂದು ಕೂಗಿದ. ಊರೆಲ್ಲ ಎದ್ದು ಬಂತು. ಆ ಗೋಪುರ ಹತ್ತಲು ಐನೂರಕ್ಕೂ ಹೆಚ್ಚು ಮೆಟ್ಟಿಲು. ಸಾಲುಗಟ್ಟಿ ನಿಂತು ನೀರಿನ ಬಕೆಟ್ಟುಗಳನ್ನು ಕೈಯಿಂದ ಕೈಗೆ ದಾಟಿಸುತ್ತ ಮೇಲಕ್ಕೆ ಹೊರಟರು. ಇನ್ನೇನು ತುದಿ ಮುಟ್ಟಬೇಕು, ಮಂಜು ಸರಿದು ಚಂದ್ರ ಪಕ್ಕಕ್ಕೆ ಜರುಗಿದ, ಬೆಂಕಿ ತಾನಾಗಿ ಆರಿತು. ಸುದ್ದಿ ಹೊರಗೆ ಹೋಗದಂತೆ ಊರವರು ಏನೆಲ್ಲ ಮಾಡಿದರೂ ಪಕ್ಕದ ಆಂಟ್‌ವರ್ಪಿಗೆ ತಲುಪಿಯೇಬಿಟ್ಟಿತು. ಈಗ ಆ ಹೆಸರಿನ ಬಿಯರನ್ನು ಮೆಖೆಲನ್ನಿನಲ್ಲೇ ತಯಾರಿಸುತ್ತಾರೆ.

ಹತ್ತಿರದ ಗೆಂಟ್ ನಗರದ ಹೆಸರಿನಲ್ಲಿ ನಗು ಕಡಿಮೆ. ಚಕ್ರವರ್ತಿ ಐದನೇ ಚಾರ್ಲ್ಸ್ 1500ರಲ್ಲಿ ಹುಟ್ಟಿದ್ದು ಇದೇ ಊರಿನಲ್ಲಿ. ಅವನ ಯುದ್ಧಗಳಿಗೆ ತೆರಿಗೆ ಕೊಡುವುದಿಲ್ಲ ಎಂದು 1539ರಲ್ಲಿ ಊರು ತಿರುಗಿಬಿತ್ತು. ಮರುವರ್ಷ ಅವನು ಸೈನ್ಯದೊಡನೆ ಬಂದು ಕೆಲವರನ್ನು ಕೊಲ್ಲಿಸಿದ, ಊರಿನ ಹಕ್ಕುಗಳನ್ನು ಕಿತ್ತುಕೊಂಡ. ಸಾಲದೆಂದು ಊರಿನ ಪ್ರಮುಖರನ್ನೂ ಕಸುಬುದಾರರನ್ನೂ ಮೆರವಣಿಗೆ ಮಾಡಿಸಿದ. ಕೆಲವರು ಬರಿಗಾಲಲ್ಲಿ, ಬರೀ ಅಂಗಿಯಲ್ಲಿ, ಕೊರಳಲ್ಲಿ ನೇಣಿನ ಹಗ್ಗ ಹಾಕಿಕೊಂಡು ನಡೆದು ಬಂದು ಕ್ಷಮೆ ಬೇಡಬೇಕಾಯಿತು. ಅಂದಿನಿಂದ ಗೆಂಟಿನವರು 'ನೇಣು ಹೊತ್ತವರು'. ಜುಲೈ ತಿಂಗಳ ಊರ ಹಬ್ಬದಲ್ಲಿ ಅದಕ್ಕೆಂದೇ ಇರುವ ಸಂಘದವರು ಬಿಳಿ ಅಂಗಿ ತೊಟ್ಟು, ಕೊರಳಿಗೆ ಹಗ್ಗ ಹಾಕಿ ಮೆರವಣಿಗೆ ಹೋಗುತ್ತಾರೆ. ಶಿಕ್ಷೆ ಕೊಟ್ಟವನು ತಮ್ಮೂರವನೇ ಎಂಬುದನ್ನು ಅವರು ಮರೆತಿಲ್ಲ.

ಎಲ್ಲ ಹೆಸರನ್ನೂ ಹೀಗೆ ಮೈಗೂಡಿಸಿಕೊಳ್ಳಲು ಆಗುವುದಿಲ್ಲ. ನೆದರ್ಲೆಂಡ್ಸಿನ ಯೂತ್ರೆಖ್ತ್ ನಗರದವರಿಗೆ ಹಿಂದೆ ಯೂತ್ರೆಖ್ತೆನಾರ್ ಎಂಬುದು ಸಹಜ ಹೆಸರಾಗಿತ್ತು. 1730ರಲ್ಲಿ ಅಲ್ಲಿ ಸಲಿಂಗಿಗಳನ್ನು ಹಿಡಿದು ವಿಚಾರಣೆ ನಡೆಸಿದರು, ಅದು ದೇಶವೆಲ್ಲ ಹಬ್ಬಿ ಹಲವರಿಗೆ ಮರಣದಂಡನೆಯಾಯಿತು. ಆಮೇಲೆ ಆ ಪದಕ್ಕೆ ಇನ್ನೊಂದು ಅರ್ಥ ಅಂಟಿಕೊಂಡಿತು, ಊರವರು ಅದನ್ನು ಬಿಟ್ಟು ಯೂತ್ರೆಖ್ತರ್ ಎಂದು ಹೇಳಿಕೊಳ್ಳತೊಡಗಿದರು. ಅಂತಾರಾಷ್ಟ್ರೀಯ ನ್ಯಾಯಾಲಯದ ಸುದ್ದಿಗಳಲ್ಲಿ ನಾವು ಓದುವ ಹೇಗ್ ನಗರದಲ್ಲಿ ಎರಡು ಪದಗಳು ಅಕ್ಕಪಕ್ಕದಲ್ಲೇ ಬಾಳುತ್ತಿವೆ. ಸಮುದ್ರದ ಕಡೆಯ ಮರಳು ದಿಬ್ಬದ ಮೇಲೆ ಮನೆ ಕಟ್ಟಿಕೊಂಡ ಉಳ್ಳವರು ಹಾಖೆನಾರ್, ಒಳಗಿನ ಜೌಗು ನೆಲದಲ್ಲಿ ಬೆಳೆದ ದುಡಿಯುವವರು ಹಾಖೆನೇಸ್. ಬಾಲದಲ್ಲೇ ವರ್ಗ ಹೇಳಿಬಿಡುವ ಇಂಥ ಊರು ಇನ್ನೊಂದಿದ್ದರೆ ನಾನು ಓದಿಲ್ಲ.

ರಷ್ಯಾದಲ್ಲಿ ಊರಿನ ಹೆಸರೇ ಮತ್ತೆ ಮತ್ತೆ ಬದಲಾದಾಗ ಊರವರು ಪಟ್ಟ ಪಾಡು ಬೇರೆ. 1703ರಲ್ಲಿ ಕಟ್ಟಿದ ಸೇಂಟ್ ಪೀಟರ್ಸ್‌ಬರ್ಗ್ 1914ರಲ್ಲಿ ಪೆತ್ರೊಗ್ರಾದ್ ಆಯಿತು, 1924ರಲ್ಲಿ ಲೆನಿನ್‌ಗ್ರಾದ್, 1991ರಲ್ಲಿ ಮತ್ತೆ ಹಳೆಯ ಹೆಸರು. ಒಂದೇ ಮನೆಯಲ್ಲಿ ಹುಟ್ಟಿ ಅಲ್ಲೇ ಮುದುಕಿಯಾದವಳು ಮೂರು ನಾಲ್ಕು ಊರಿನವಳು ಎನ್ನಿಸಿಕೊಂಡಿರಬಹುದು. 1941ರಿಂದ 1944ರವರೆಗೆ ಜರ್ಮನ್ ಮುತ್ತಿಗೆಯಲ್ಲಿ ಹಸಿದು ಬದುಕುಳಿದವರಿಗೆ ತಾವು 'ಲೆನಿನ್‌ಗ್ರಾದೆತ್ಸ್' ಎನ್ನುವುದು ಕಮ್ಯುನಿಸ್ಟ್ ಪಕ್ಷದ ಮಾತಲ್ಲ, ಆ ದಿನಗಳ ಮಾತು. ಇನ್ನೊಂದು ವಿಚಿತ್ರ: ನಗರ ಹೆಸರು ಬದಲಿಸಿಕೊಂಡರೂ ಅದರ ಸುತ್ತಲಿನ ಪ್ರಾಂತ ಬದಲಿಸಿಕೊಳ್ಳಲಿಲ್ಲ. ಇವತ್ತಿಗೂ ಅದು ಲೆನಿನ್‌ಗ್ರಾದ್ ಪ್ರಾಂತವೇ.

ಈ ಊರುಗಳ ಕಡೆ ಹೋಗುವ ಓದುಗರಿಗೆ ಒಂದು ಮಾತು. ನಿಘಂಟಿನ ಪದ ಬಾಯಿಗೆ ಬರದಿದ್ದರೆ ಚಿಂತೆಯಿಲ್ಲ, ಶಾತೊ ತಿಯೆರಿಯಲ್ಲೂ ಯಾರೂ ಅದನ್ನು ನಿಮ್ಮಿಂದ ಬಯಸುವುದಿಲ್ಲ. ಅಡ್ಡಹೆಸರನ್ನು ಮಾತ್ರ ನೀವಾಗಿ ಎತ್ತಬೇಡಿ. ಅದು ಅವರ ಬಾಯಲ್ಲಿ ಹೆಮ್ಮೆ, ಹೊರಗಿನವರ ಬಾಯಲ್ಲಿ ಬೈಗುಳ. 'ನೀವು ಇದೇ ಊರಿನವರಾ?' ಎಂದು ಕೇಳಿ ನೋಡಿ, ತಮ್ಮನ್ನು ಏನೆಂದು ಕರೆಯಬೇಕೆಂದು ಅವರೇ ಹೇಳುತ್ತಾರೆ.